ಇನ್ನೊಮ್ಮೆ ಬರೆಯಬೇಕೇ?

ಪ್ರವೇಶ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮರುದಿನ ಧರ್ಮಕೇಂದ್ರದ ಗುರುನಿವಾಸಕ್ಕೆ ಎರಡು ಬಗೆಯ ಕುಟುಂಬಗಳು ಬರುತ್ತವೆ. ಮೊದಲನೆಯವರು ಸಿಹಿಯ ಪೊಟ್ಟಣ ಹಿಡಿದು, ಅಂಗಳದಿಂದಲೇ ಕೂಗಿ ಕರೆಯುತ್ತ ಬರುತ್ತಾರೆ. ಎರಡನೆಯವರು ಪೂಜೆ ಮುಗಿದು ಜನರೆಲ್ಲ ಚದುರುವ ತನಕ ಲೂರ್ದು ಮಾತೆಯ ಗವಿಯ ಬಳಿ ಮೇಣದಬತ್ತಿ ಹಚ್ಚುವ ನೆಪದಲ್ಲಿ ನಿಂತಿದ್ದು, ಆಮೇಲೆ ಹಿಂಬಾಗಿಲಿನಿಂದ ಬರುತ್ತಾರೆ. ಈ ವಾರದ ಲೇಖನ ಆ ಎರಡನೆಯವರನ್ನು ಕುರಿತದ್ದು.

2025ರ ಜೂನ್ 14ರ ಶನಿವಾರ ನೀಟ್ ಫಲಿತಾಂಶ ಬಂದಿತು. ಮರುದಿನ ಪರಮ ತ್ರಿತ್ವದ ಮಹೋತ್ಸವ. ಎರಡನೆಯ ಪೂಜೆಯ ನಂತರ ಹಾಗೆ ಹಿಂಬಾಗಿಲಿನಿಂದ ಬಂದ ಕುಟುಂಬವೊಂದರ ಕಥೆಯನ್ನು ಅವರ ಅನುಮತಿ ಪಡೆದು, ಗುರುತು ಸಿಗದಷ್ಟು ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ತಂದೆ ಕಾಫಿ ತೋಟವೊಂದರಲ್ಲಿ ರೈಟರ್. ತಾಯಿ ಅಂಗನವಾಡಿ ಸಹಾಯಕಿ. ಮಗಳು ಆ ವರ್ಷ ದ್ವಿತೀಯ ಪಿಯುಸಿ ಮುಗಿಸಿ ನೀಟ್ ಬರೆದವಳು. 720ಕ್ಕೆ 393 ಅಂಕ ಬಂದಿದ್ದವು. ಅರ್ಹತೆಯ ಪಟ್ಟಿಯಲ್ಲಿ ಹೆಸರಿತ್ತು; ಸರ್ಕಾರಿ ಸೀಟು ಸಿಗುವಷ್ಟು ರ್‍ಯಾಂಕ್ ಇರಲಿಲ್ಲ.

“ಫಾದರ್, ಲಾಂಗ್ ಟರ್ಮ್‌ಗೆ ಹಾಕೋಣ ಅಂತ ತೀರ್ಮಾನ ಮಾಡಿದ್ದೇವೆ. ನಾಳೆಯೇ ದುಡ್ಡು ಕಟ್ಟಬೇಕು. ಒಂದು ಆಶೀರ್ವಾದ ಮಾಡಿಬಿಡಿ,” ಎಂದರು ತಂದೆ. ಹಾಸ್ಟೆಲ್ ಸೇರಿ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಅದಕ್ಕಾಗಿ ಪಿ.ಎಫ್. ಹಣ ತೆಗೆಯಲು ಅರ್ಜಿ ತುಂಬಿಸಿಟ್ಟಿದ್ದರು. ತಾಯಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಮಗಳು ನೆಲ ನೋಡುತ್ತಿದ್ದಳು. “ತೀರ್ಮಾನ ಮಾಡಿದ್ದೇವೆ” ಎಂಬ ಆ ಬಹುವಚನದೊಳಗೆ ಎಷ್ಟು ಮಂದಿ ಇದ್ದಾರೆಂದು ನನಗೆ ಸಂಶಯ ಮೂಡಿತು.

ಆಶೀರ್ವಾದ ಮಾಡುವುದು ನನಗೆ ಕಷ್ಟದ ಕೆಲಸವೇನಲ್ಲ. ಪರೀಕ್ಷೆಯ ಹಿಂದಿನ ಭಾನುವಾರ ಮಕ್ಕಳು ಪೆನ್ನುಗಳನ್ನು ತಂದು ಬಲಿಪೀಠದ ಮೆಟ್ಟಿಲ ಮೇಲೆ ಸಾಲಾಗಿ ಇಡುತ್ತಾರೆ. ತೀರ್ಥ ಚಿಮುಕಿಸಿ ಕೊಡುತ್ತೇನೆ. ನೀಟ್ ಕೇಂದ್ರದೊಳಗೆ ಸ್ವಂತ ಪೆನ್ನನ್ನು ಬಿಡುವುದಿಲ್ಲವೆಂದೂ, ಪೆನ್ನನ್ನು ಅಲ್ಲಿಯೇ ಕೊಡುತ್ತಾರೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆದರೂ ಮಕ್ಕಳು ತರುತ್ತಾರೆ, ನಾನೂ ಆಶೀರ್ವದಿಸುತ್ತೇನೆ. ಅಂದು ಮಾತ್ರ ಕೈ ಏಳಲಿಲ್ಲ. “ನಾಳೆ ದುಡ್ಡು ಕಟ್ಟಬೇಡಿ. ಹತ್ತು ದಿನ ಬಿಟ್ಟು ಬನ್ನಿ,” ಎಂದೆ. ತಂದೆಯ ಮುಖದಲ್ಲಿ ಅಸಮಾಧಾನ ಸ್ಪಷ್ಟವಾಗಿಯೇ ಕಂಡಿತು.

ಹಾಗೆ ಹೇಳಲು ನನಗೆ ಒಂದು ಕಾರಣವಿತ್ತು. ಅದು ನನ್ನದೇ ತಪ್ಪಿನ ಕಥೆ.

ಹಿಂದಿನ ಧರ್ಮಕೇಂದ್ರದಲ್ಲಿ ಒಬ್ಬ ಹುಡುಗನಿದ್ದ. ಪೀಠಸೇವೆ ಮಾಡುತ್ತಿದ್ದ, ಬುದ್ಧಿವಂತ. 2018ರಲ್ಲಿ ನೀಟ್ ಬರೆದ, ಸೀಟು ಬರಲಿಲ್ಲ. 2019ರಲ್ಲಿ ಮತ್ತೆ ಬರೆದ. ಎಪ್ಪತ್ತೆಂಟು ಅಂಕ ಹೆಚ್ಚಾಯಿತು, ಆದರೂ ಸೀಟು ಬರಲಿಲ್ಲ. ಆಗ ಅವನು ನನ್ನ ಬಳಿ ಬಂದು, “ಫಾದರ್, ಸಾಕು ಅನ್ನಿಸುತ್ತಿದೆ,” ಎಂದ. ನಾನು ಅವನಿಗೆ ಸಂತ ಜಾನ್ ಮರಿಯ ವಿಯಾನ್ನಿಯವರ ಕಥೆ ಹೇಳಿದೆ. ಲ್ಯಾಟಿನ್ ಬಾರದೆಂದು ಲಿಯೋನ್ ಗುರುಮಠದಿಂದ ಹೊರಬಿದ್ದವರು, ಪರೀಕ್ಷೆಯಲ್ಲಿ ತಬ್ಬಿಬ್ಬಾಗಿ ಸೋತವರು, ಮತ್ತೆ ಪರೀಕ್ಷೆಗೆ ನಿಂತು 1815ರ ಆಗಸ್ಟ್ 13ರಂದು ಗುರುದೀಕ್ಷೆ ಪಡೆದವರು, ಇಂದು ಧರ್ಮಕೇಂದ್ರಗಳ ಗುರುಗಳಿಗೆಲ್ಲ ಪಾಲಕ ಸಂತರು. “ಬಿಟ್ಟುಬಿಡುವುದು ವಿಶ್ವಾಸದ ಕೊರತೆಯ ಗುರುತು” ಎಂಬ ಮಾತನ್ನೂ ಸೇರಿಸಿದೆ. ಹುಡುಗ ಮೂರನೆಯ ಬಾರಿಗೆ ಕುಳಿತ. ಆ ವರ್ಷ ಕೋವಿಡ್ ಬಂದು, ಮೇ ತಿಂಗಳಲ್ಲಿ ಮುಗಿಯಬೇಕಾದ ಪರೀಕ್ಷೆ 2020ರ ಸೆಪ್ಟೆಂಬರ್ 13ಕ್ಕೆ ಹೋಯಿತು. ಒಂದು ವರ್ಷವೆಂದು ಒಪ್ಪಿಕೊಂಡದ್ದು ಹದಿನಾರು ತಿಂಗಳಾಯಿತು. ಅಂಕ ಹಿಂದಿನದಕ್ಕಿಂತ ಏಳು ಕಡಿಮೆ ಬಂದಿತು. ಅವನು ಪೂಜೆಗೆ ಬರುವುದನ್ನು ನಿಲ್ಲಿಸಿದ. ದೇವರ ಮೇಲಿನ ಮುನಿಸೆಂದು ನಾನು ತಿಳಿದಿದ್ದೆ. ವಾಸ್ತವದಲ್ಲಿ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಎದುರಾಗುತ್ತಿದ್ದ “ಈ ಸಲ ಎಷ್ಟು ಬಂತಪ್ಪಾ?” ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಅವನಿಗೆ ಬೇರೆ ದಾರಿ ಇರಲಿಲ್ಲ.

ಇಂದು ಅವನು ವೈದ್ಯಕೀಯ ಪ್ರಯೋಗಾಲಯದ ಡಿಪ್ಲೊಮಾ ಮುಗಿಸಿ ತಾಲ್ಲೂಕು ಕೇಂದ್ರವೊಂದರಲ್ಲಿ ಟೆಕ್ನಿಷಿಯನ್. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಒಮ್ಮೆ ನಾನು ಅಲ್ಲಿಗೇ ಹೋದೆ. ತೋಳಿಗೆ ಪಟ್ಟಿ ಬಿಗಿದು, ನೋವೇ ಆಗದಂತೆ ರಕ್ತ ತೆಗೆದು, ಹತ್ತಿ ಒತ್ತಿಹಿಡಿದು ಮೆಲ್ಲಗೆ, “ಎರಡನೆಯ ಸಲ ಬರೆದದ್ದಕ್ಕೆ ಬೇಸರವಿಲ್ಲ ಫಾದರ್. ಆ ಮೂರನೆಯದು ಬೇಡವಾಗಿತ್ತು,” ಎಂದ. ನನ್ನ ಮೇಲೆ ದೂರಿನ ಧ್ವನಿ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಆಮೇಲೆ ಕುಳಿತು ಯೋಚಿಸಿದಾಗ ನಾನು ವಿಯಾನ್ನಿಯವರ ಕಥೆಯ ಅರ್ಧವನ್ನಷ್ಟೇ ಹೇಳಿದ್ದೆನೆಂದು ಹೊಳೆಯಿತು. ಸೋತ ಪರೀಕ್ಷೆಗೂ ಗೆದ್ದ ಪರೀಕ್ಷೆಗೂ ನಡುವೆ ಅವರ ಮಟ್ಟಿಗೆ ಬಹಳಷ್ಟು ಬದಲಾಗಿತ್ತು. ಗುರುಮಠದ ದೊಡ್ಡ ತರಗತಿಯ ಬದಲು ಎಕುಲ್ಲಿಯ ಗುರುಗಳಾದ ಬಾಲ್ಲೆಯವರು ಅವರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಲಿಸಿದರು. ಎರಡನೆಯ ಪರೀಕ್ಷೆ ನಡೆದದ್ದು ಅಪರಿಚಿತರ ಸಭೆಯಲ್ಲಲ್ಲ. ಪರೀಕ್ಷಕರೇ ಎಕುಲ್ಲಿಯ ಗುರುನಿವಾಸಕ್ಕೆ ಬಂದರು, ಬಾಲ್ಲೆಯವರು ಪಕ್ಕದಲ್ಲಿದ್ದರು. ಶಿಕ್ಷಕ ಬದಲಾಗಿದ್ದ, ಸ್ಥಳ ಬದಲಾಗಿತ್ತು, ಭಯ ಕಡಿಮೆಯಾಗಿತ್ತು. ನನ್ನ ಪೀಠಸೇವಕನ ಮೂರನೆಯ ವರ್ಷದಲ್ಲಿ ಏನು ಬದಲಾಗಿತ್ತು? ಅದೇ ಹಾಸ್ಟೆಲು, ಅದೇ ನೋಟ್ಸು, ಅದೇ ಬೆಂಚು, ಹಿಂದಿಗಿಂತ ಹೆಚ್ಚಿನ ಭಯ. ಕಾರಣಗಳೆಲ್ಲ ಹಾಗೆಯೇ ಇರುವಾಗ ಬೇರೆ ಪರಿಣಾಮವನ್ನು ನಿರೀಕ್ಷಿಸುವುದನ್ನು ತರ್ಕಶಾಸ್ತ್ರದಲ್ಲಿ ನಮಗೆ ಮೊದಲ ವರ್ಷವೇ ತಪ್ಪೆಂದು ಕಲಿಸಿದ್ದರು. ಅದನ್ನು ನಾನು ವಿಶ್ವಾಸವೆಂದು ಹೆಸರಿಟ್ಟು ಒಬ್ಬ ಹುಡುಗನ ತಲೆಗೆ ಕಟ್ಟಿದ್ದೆ.

ಹತ್ತು ದಿನದ ಗಡುವಿಗೆ ಬರೋಣ. ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನೇಷಿಯಸರು ತಮ್ಮ ಆಧ್ಯಾತ್ಮಿಕ ಸಾಧನೆಯ ಕಿರುಹೊತ್ತಿಗೆಯಲ್ಲಿ ಒಂದು ನಿಯಮವನ್ನು ಇಟ್ಟಿದ್ದಾರೆ. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ ಹೊಸ ನಿರ್ಧಾರಗಳಿಗೆ ಕೈ ಹಾಕಬಾರದು ಎಂಬುದು ಅದರ ತಾತ್ಪರ್ಯ. ಫಲಿತಾಂಶದ ವಾರ ಮನೆಯಲ್ಲಿ ಯಾರ ಮನಸ್ಸೂ ಸಮಸ್ಥಿತಿಯಲ್ಲಿರುವುದಿಲ್ಲ. “ಇನ್ನು ಜನ್ಮದಲ್ಲಿ ಬರೆಯುವುದಿಲ್ಲ” ಎನ್ನುವ ಮಗುವಿನ ಮಾತೂ “ನಾಳೆಯೇ ಸೇರಿಸುತ್ತೇನೆ” ಎನ್ನುವ ತಂದೆಯ ಮಾತೂ ಒಂದೇ ನೋವಿನ ಎರಡು ಬಾಯಿಗಳು. ತರಬೇತಿ ಕೇಂದ್ರಗಳ ರಿಯಾಯಿತಿ ಜಾಹೀರಾತುಗಳು ಅದೇ ವಾರ ಬರುವುದು ಆಕಸ್ಮಿಕವೇನಲ್ಲ.

ಈ ನಡುವೆ ಒಂದು ವಿಚಾರವನ್ನು ಓದುಗರು ತಿಳಿದಿರುವುದು ಒಳ್ಳೆಯದು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ, ಮನುಷ್ಯ ಪರ್ಯಾಲೋಚನೆ ಮಾಡುವುದು ತನ್ನ ಕೈಯಲ್ಲಿರುವ ವಿಷಯಗಳ ಬಗ್ಗೆ ಮಾತ್ರ ಎನ್ನುತ್ತಾನೆ. ನಕ್ಷತ್ರಗಳ ಚಲನೆಯ ಬಗ್ಗೆಯಾಗಲಿ ಮಳೆಯ ಬಗ್ಗೆಯಾಗಲಿ ಯಾರೂ ನಿರ್ಧಾರ ಕೈಗೊಳ್ಳುವುದಿಲ್ಲ. ಹಾಗಾದರೆ ಪ್ರವೇಶ ಪರೀಕ್ಷೆಯಲ್ಲಿ ನಮ್ಮ ಕೈಯಲ್ಲಿರುವುದೆಷ್ಟು, ಇಲ್ಲದಿರುವುದೆಷ್ಟು? 2025ರಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದು, 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರೆನಿಸಿದರು. ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷ ದಾಟಿದ್ದವೇ ಹೊರತು ಒಂದೂವರೆ ಲಕ್ಷ ಮುಟ್ಟಿರಲಿಲ್ಲ. ಅರ್ಹತೆ ಎಂಬ ಶಬ್ದ ಎಷ್ಟು ಮನೆಗಳಲ್ಲಿ ಸುಳ್ಳು ಭರವಸೆ ಹುಟ್ಟಿಸುತ್ತದೆಂಬುದಕ್ಕೆ ಇಷ್ಟು ಲೆಕ್ಕ ಸಾಕು. ಇನ್ನು ಅಳತೆಗೋಲಿನ ಮಾತು. 2024ರಲ್ಲಿ ಅಂತಿಮ ಪಟ್ಟಿಯ ಪ್ರಕಾರ 17 ಮಂದಿ ಪೂರ್ಣ 720 ಅಂಕ ಗಳಿಸಿದ್ದರು. ಅದೂ ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕ, ಮರುಪರೀಕ್ಷೆಗಳ ಗದ್ದಲ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಬಂದ ಮೇಲೆ. ಮರುವರ್ಷ ಪತ್ರಿಕೆ ಎಷ್ಟು ಕಠಿಣವಾಯಿತೆಂದರೆ ದೇಶಕ್ಕೇ ಮೊದಲು ಬಂದವರ ಅಂಕ 686. ಕೋವಿಡ್ ಕಾಲದಲ್ಲಿ ಕೊಟ್ಟಿದ್ದ ಆಯ್ಕೆಯ ಪ್ರಶ್ನೆಗಳನ್ನು ಅದೇ ವರ್ಷ ತೆಗೆದುಹಾಕಿ, 180 ಪ್ರಶ್ನೆಗಳಿಗೆ ಮೂರೇ ಗಂಟೆಯೆಂದು ನಿಗದಿಪಡಿಸಲಾಯಿತು. “ಹೋದ ವರ್ಷ ಇಷ್ಟಕ್ಕೆ ಸಿಕ್ಕಿತ್ತು, ನಮಗೆ ಇನ್ನು ಇಷ್ಟು ಬಂದರೆ ಸಾಕು” ಎಂದು ಲೆಕ್ಕ ಹಾಕಿ ಮರುಪ್ರಯತ್ನಕ್ಕೆ ಕುಳಿತವರ ಲೆಕ್ಕವೆಲ್ಲ ಅಲ್ಲಿಗೆ ತಲೆಕೆಳಗಾಯಿತು.

ನಮ್ಮ ರಾಜ್ಯದ ಸಿಇಟಿಯಲ್ಲೂ ಇಂಥದೊಂದು ಪ್ರಸಂಗ ನಡೆದಿದೆ. 2021ರಲ್ಲಿ ಕೋವಿಡ್ ಕಾರಣದಿಂದ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ ಎಲ್ಲರೂ ಉತ್ತೀರ್ಣರಾದರು. ಆ ತಂಡದ ಸುಮಾರು 24 ಸಾವಿರ ಮಕ್ಕಳು 2022ರಲ್ಲಿ ಸಿಇಟಿಯನ್ನು ಮತ್ತೆ ಬರೆದಾಗ, ಅವರ ಪಿಯುಸಿ ಅಂಕಗಳನ್ನು ರ್‍ಯಾಂಕಿಗೆ ಪರಿಗಣಿಸುವುದಿಲ್ಲವೆಂದು ಪರೀಕ್ಷಾ ಪ್ರಾಧಿಕಾರ ಹೇಳಿತು. ವ್ಯಾಜ್ಯ ಹೈಕೋರ್ಟಿಗೆ ಹೋಯಿತು, ಆದೇಶ ರದ್ದಾಯಿತು, ಕೊನೆಗೆ ಸೆಪ್ಟೆಂಬರಿನಲ್ಲಿ ಸೂತ್ರವೊಂದನ್ನು ಒಪ್ಪಿಕೊಂಡು ರ್‍ಯಾಂಕುಗಳನ್ನು ಮತ್ತೆ ಲೆಕ್ಕಹಾಕಬೇಕಾಯಿತು. ಮಕ್ಕಳ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಮರುಪ್ರಯತ್ನಕ್ಕೆ ಕೂರುವವನು ಒಂದು ವರ್ಷವನ್ನಷ್ಟೇ ಕೊಡುವುದಿಲ್ಲ, ಬದಲಾಗಬಹುದಾದ ನಿಯಮಗಳ ಕೈಗೆ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ. ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. ಮಳೆಯನ್ನು ಮಳೆಯೆಂದು ತಿಳಿದವನು ಕೊಡೆಯ ಬಗ್ಗೆ ಯೋಚಿಸಬಹುದು.

ಹತ್ತು ದಿನಗಳಲ್ಲಿ ಒಂದು ಕೆಲಸ ಮಾಡಬೇಕೆಂದು ಆ ಹುಡುಗಿಗೆ ಹೇಳಿದ್ದೆ. “ಎಷ್ಟು ಬಂತು ಎಂದು ನಾನು ಕೇಳುವುದಿಲ್ಲ ಮಗಳೇ. ಯಾವುದು ಹೋಯಿತು, ಏಕೆ ಹೋಯಿತು ಎಂದು ಬರೆದುಕೊಂಡು ಬಾ.” ನೀಟ್‌ನ ಪ್ರಶ್ನೆಪತ್ರಿಕೆಯನ್ನು ಮಕ್ಕಳು ಮನೆಗೆ ತರಬಹುದು. ಅವರು ಗುರುತು ಮಾಡಿದ ಓಎಂಆರ್ ಹಾಳೆಯ ಪ್ರತಿಯೂ ಸರಿಯುತ್ತರಗಳ ಪಟ್ಟಿಯೂ ಅಂತರ್ಜಾಲದಲ್ಲಿ ಸಿಗುತ್ತವೆ. ಆದರೂ ಒಟ್ಟು ಅಂಕ ತಿಳಿದ ಮೇಲೆ ಅವುಗಳನ್ನು ಮತ್ತೆ ತೆರೆದು ನೋಡುವ ಧೈರ್ಯ ಮಾಡುವವರು ಕಡಿಮೆ. ಸತ್ತವರ ಪೆಟ್ಟಿಗೆ ತೆರೆದಷ್ಟು ಸಂಕಟ ಅದು. ನಮ್ಮ ಧರ್ಮಕೇಂದ್ರದಲ್ಲಿ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರೊಬ್ಬರಿದ್ದಾರೆ. ಅವರನ್ನು ಜೊತೆಗೆ ಕೂರಿಸಿದೆ.

ಅವರಿಬ್ಬರೂ ಮೂರು ಸಂಜೆ ಕುಳಿತು ತಯಾರಿಸಿದ ಹಾಳೆ ಹೀಗಿತ್ತು. ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ 74 ಸರಿ, 13 ತಪ್ಪು, 3 ಬಿಟ್ಟದ್ದು. ರಸಾಯನಶಾಸ್ತ್ರದ 45ರಲ್ಲಿ 24 ಸರಿ, 14 ತಪ್ಪು, 7 ಬಿಟ್ಟದ್ದು. ಭೌತಶಾಸ್ತ್ರದ 45ರಲ್ಲಿ 12 ಸರಿ, 20 ತಪ್ಪು, 13 ಬಿಟ್ಟದ್ದು. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆಯುವುದು ಎಂಬ ನಿಯಮದಂತೆ ಜೀವಶಾಸ್ತ್ರದಲ್ಲಿ 283, ರಸಾಯನದಲ್ಲಿ 82, ಭೌತಶಾಸ್ತ್ರದಲ್ಲಿ ಬರೇ 28. ಆ ವರ್ಷದ ಭೌತಶಾಸ್ತ್ರ ಎಲ್ಲರಿಗೂ ಕಬ್ಬಿಣದ ಕಡಲೆಯಾಗಿತ್ತು ಎಂಬುದು ನಿಜ. ಆದರೆ ಉಪನ್ಯಾಸಕರು ಅಲ್ಲಿಗೆ ನಿಲ್ಲಲಿಲ್ಲ. ತಪ್ಪಾದ ಇಪ್ಪತ್ತನ್ನು ಒಂದೊಂದಾಗಿ ತೆಗೆದು, “ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಎಡವಿದೆಯೋ, ಸುಮ್ಮನೆ ಊಹಿಸಿದೆಯೋ?” ಎಂದು ಕೇಳಿ ಮೂರು ರಾಶಿ ಮಾಡಿದರು. ಏಳು ನಿಜಕ್ಕೂ ಕಠಿಣವಾದವು. ನಾಲ್ಕು ಊಹೆ. ಉಳಿದ ಒಂಬತ್ತು ಪ್ರಥಮ ಪಿಯುಸಿಯ ಚಲನೆ, ಬಲ, ಶಕ್ತಿಯ ಪಾಠಗಳಿಗೆ ಸೇರಿದ, ಅಡಿಪಾಯ ಗಟ್ಟಿಯಿದ್ದರೆ ಬಿಡಿಸಬಹುದಾದವು. ವಿಚಾರಿಸಿದಾಗ ಆ ವರ್ಷ ಅವಳ ಕಾಲೇಜಿನಲ್ಲಿ ಭೌತಶಾಸ್ತ್ರದ ಹುದ್ದೆ ಅರ್ಧ ವರ್ಷ ಖಾಲಿಯಿತ್ತೆಂದು ತಿಳಿಯಿತು. ಅಡಿಪಾಯವನ್ನೇ ಹಾಕದೆ ಗೋಡೆ ಕಟ್ಟಿಸಿದ್ದರು. ಹುಡುಗಿ ಎರಡು ವರ್ಷ ತಾನು ದಡ್ಡಿಯೆಂದು ನಂಬಿಕೊಂಡಿದ್ದಳು.

ಸಂತ ಇಗ್ನೇಷಿಯಸರ ಬಾಳಿನಲ್ಲಿ ಇಲ್ಲಿಗೆ ಹೊಂದುವ ಒಂದು ಪ್ರಸಂಗವಿದೆ. ಯುದ್ಧದಲ್ಲಿ ಕಾಲು ಮುರಿದುಕೊಂಡು, ಪರಿವರ್ತನೆ ಹೊಂದಿ, ಮೂವತ್ತು ದಾಟಿದ ಮೇಲೆ ಅವರು 1524ರಲ್ಲಿ ಬಾರ್ಸೆಲೋನಾದಲ್ಲಿ ಚಿಕ್ಕ ಹುಡುಗರ ನಡುವೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿಯತೊಡಗಿದರು. ಅಲ್ಲಿಂದ ಅಲ್ಕಲಾ, ಸಲಮಾಂಕಾ ವಿದ್ಯಾಪೀಠಗಳಿಗೆ ಓಡಿದರು. 1528ರಲ್ಲಿ ಪ್ಯಾರಿಸ್ ತಲುಪಿದಾಗ, ತಾವು ಆತುರದಲ್ಲಿ ಓದಿದ್ದರಿಂದ ಬುನಾದಿಯೇ ಭದ್ರವಾಗಿಲ್ಲವೆಂಬುದು ಅವರಿಗೆ ಮನವರಿಕೆಯಾಯಿತು. ಮೇಲಿನ ತರಗತಿಗೆ ಹೋಗದೆ, ಮೋಂತೇಗು ಕಾಲೇಜಿನಲ್ಲಿ ಮತ್ತೆ ಹುಡುಗರ ಜೊತೆ ಮೊದಲಿನಿಂದ ಆರಂಭಿಸಿದರು. ಆಗ ಅವರಿಗೆ ಮೂವತ್ತೇಳರ ಆಸುಪಾಸು. ಅವರು ಹಿಂದೆ ಸರಿದದ್ದು ಸೋಲಿನ ಸೇಡು ತೀರಿಸಿಕೊಳ್ಳಲಿಕ್ಕಲ್ಲ. ಎಲ್ಲಿ ಟೊಳ್ಳಿದೆಯೆಂದು ಅವರಿಗೆ ಖಚಿತವಾಗಿ ಗೊತ್ತಿತ್ತು.

ಇದನ್ನು ಓದಿ, ಹಾಗಾದರೆ ಎಲ್ಲರೂ ಮತ್ತೆ ಬರೆಯಬಹುದೆಂದು ಯಾರೂ ಭಾವಿಸಬಾರದು. ಪರೀಕ್ಷೆ ಯಾವುದೆಂಬುದರ ಮೇಲೆ ಲೆಕ್ಕ ಬೇರೆಯಾಗುತ್ತದೆ. ನೀಟ್‌ಗೆ ಇಷ್ಟೇ ಬಾರಿ ಎಂಬ ಮಿತಿಯಿಲ್ಲ, ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದುಹಾಕಲಾಯಿತು. ಬಾಗಿಲು ತೆರೆದೇ ಇರುವುದು ಉಪಕಾರವೂ ಹೌದು, ಉರುಲೂ ಹೌದು, ಏಕೆಂದರೆ ‘ಸಾಕು’ ಎಂಬ ಮಾತನ್ನು ಅಲ್ಲಿ ನಿಯಮ ಹೇಳುವುದಿಲ್ಲ, ಮನೆಯವರೇ ಹೇಳಬೇಕು. ಐಐಟಿಗಳ ಜೆಇಇ ಅಡ್ವಾನ್ಸ್‌ಡ್‌ನಲ್ಲಿ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶವೆಂಬ ಕಟ್ಟುಪಾಡು ಬಹುಕಾಲದಿಂದ ಇದೆ. ಸಿಇಟಿಯ ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕದ ಅರ್ಧ, ಸಿಇಟಿ ಅಂಕದ ಅರ್ಧ ಸೇರುತ್ತದೆ. ಪಿಯುಸಿಯಲ್ಲಿ ನೂರಕ್ಕೆ 80, ಸಿಇಟಿಯ 180ರಲ್ಲಿ 90, ಅಂದರೆ ನೂರಕ್ಕೆ 50 ಪಡೆದವನ ಸರಾಸರಿ 65. ಮುಂದಿನ ವರ್ಷ ಸಿಇಟಿಯಲ್ಲಿ ಹೆಣಗಾಡಿ 126 ತೆಗೆದರೂ, ಪಿಯುಸಿ ಅಂಕ ಅಷ್ಟೇ ಇದ್ದರೆ, ಸರಾಸರಿ 75ಕ್ಕೆ ನಿಲ್ಲುತ್ತದೆ. ಪಟ್ಟ ಶ್ರಮದ ಅರ್ಧವಷ್ಟೇ ರ್‍ಯಾಂಕಿಗೆ ದಕ್ಕುತ್ತದೆ. ಒಂದು ಕಾಲೇಜಿನ ಬದಲು ಇನ್ನೊಂದು ಕಾಲೇಜಿಗಾಗಿ ಮಾತ್ರ ಒಂದು ವರ್ಷ ಕಳೆಯುವ ಎಂಜಿನಿಯರಿಂಗ್ ಮಕ್ಕಳಿಗೆ ನಾನು ಸಾಮಾನ್ಯವಾಗಿ ಬೇಡವೆಂದೇ ಹೇಳುತ್ತೇನೆ. ತಪ್ಪಿರಬಹುದು, ಆದರೆ ನನ್ನ ಅಭಿಪ್ರಾಯ ಅದು.

ಹತ್ತು ದಿನಗಳ ನಂತರ ಕುಟುಂಬ ಬಂದಿತು, ಈ ಬಾರಿ ಮುಂಬಾಗಿಲಿನಿಂದ. ಜೊತೆಗೆ ತಂದೆಯ ಅಣ್ಣನೂ ಬಂದಿದ್ದರು. ಅವರ ಮಗ ಎಂ.ಬಿ.ಬಿ.ಎಸ್. ಓದುತ್ತಿದ್ದಾನೆ. ಹುಡುಗಿಯ ಹಾಳೆಯನ್ನು ನೋಡಿ ಅವರು, “ನಾನು ಮೊದಲೇ ಹೇಳಲಿಲ್ಲವೇ, ಮತ್ತೆ ಬರೆಸಿ ಅಂತ? ಸಿಇಟಿಯಲ್ಲಿ ನರ್ಸಿಂಗ್ ಸಿಗುತ್ತಂತೆ. ನಮ್ಮ ಮನೆಯ ಹುಡುಗಿ ನರ್ಸಾಗಬೇಕೇ?” ಎಂದರು. ನಾನು ಸಿಟ್ಟಾದದ್ದು ಅಲ್ಲಿ. ನಮ್ಮ ಎಷ್ಟು ಕಥೋಲಿಕ ಮನೆಗಳ ತಾರಸಿ ಎದ್ದಿರುವುದು, ತಮ್ಮಂದಿರ ಓದು, ತಂಗಿಯರ ಮದುವೆ ನಡೆದಿರುವುದು ಕೊಲ್ಲಿ ದೇಶಗಳ ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡುವ ಹೆಣ್ಣುಮಕ್ಕಳ ಸಂಬಳದಿಂದ ಎಂಬುದನ್ನು ಅವರಿಗೆ ನೆನಪಿಸಿದೆ. ಅವರದೇ ನಾದಿನಿ ಕುವೈತಿನಲ್ಲಿದ್ದಾರೆ. ಅವರು ಮತ್ತೆ ಮಾತನಾಡಲಿಲ್ಲ.

ನಂತರ ತಂದೆಗೂ ಮಗಳಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದೆ. ಇದೂ ಇಗ್ನೇಷಿಯಸರ ಕ್ರಮವೇ. ಒಂದು ದಾರಿಯ ಲಾಭಗಳು, ಅದೇ ದಾರಿಯ ನಷ್ಟಗಳು. ಇನ್ನೊಂದು ದಾರಿಯ ಲಾಭಗಳು, ಅದರ ನಷ್ಟಗಳು ಎಂದು ಪ್ರತ್ಯೇಕವಾಗಿ ಬರೆಯಬೇಕು. ಆದರೆ ಅದಕ್ಕೆ ಮುನ್ನ ಮನಸ್ಸು ತಕ್ಕಡಿಯ ಮುಳ್ಳಿನಂತೆ ಯಾವ ಕಡೆಗೂ ವಾಲದೆ ನಿಲ್ಲಬೇಕೆಂದು ಅವರು ಹೇಳುತ್ತಾರೆ. ಪಿ.ಎಫ್. ಅರ್ಜಿ ಜೇಬಿನಲ್ಲಿಟ್ಟುಕೊಂಡ ತಂದೆಯ ಮುಳ್ಳು ನೇರವಾಗಿ ನಿಲ್ಲುವುದು ಸುಲಭವಲ್ಲ. ಅದಕ್ಕೆ ಅದೇ ಪುಸ್ತಕದ ಇನ್ನೊಂದು ಉಪಾಯವನ್ನು ಬಳಸಿದೆ: ನಿಮಗೆ ಪರಿಚಯವೇ ಇಲ್ಲದ, ಆದರೆ ಒಳ್ಳೆಯದಾಗಲೆಂದು ನೀವು ಬಯಸುವ ಒಬ್ಬರ ಮಗಳು ಇದೇ ಅಂಕಗಳನ್ನು ತಂದು ನಿಮ್ಮನ್ನು ಕೇಳಿದರೆ ಏನು ಹೇಳುವಿರಿ, ಅದನ್ನು ಬರೆಯಿರಿ.

ತಂದೆಯ ಹಾಳೆ ಬೇಗ ತುಂಬಿತು. ಡಾಕ್ಟರಾದರೆ ಮಾನ, ತೋಟದ ಲೈನ್ ಮನೆಯಿಂದ ಹೊರಬರುವ ದಾರಿ, ಮುದುಕಾದಾಗ ಆಸರೆ. ನಷ್ಟದ ಕಡೆ ಒಂದೇ ಮಾತು: ದುಡ್ಡು.

ಮಗಳು ಮುಕ್ಕಾಲು ಗಂಟೆ ತೆಗೆದುಕೊಂಡಳು. ಮತ್ತೆ ಬರೆಯುವುದರ ಲಾಭದ ಕೆಳಗೆ, “ಭೌತಶಾಸ್ತ್ರವನ್ನು ಮೊದಲಿನಿಂದ ಕಲಿಯಬಹುದು. ಸರ್ ಬಿಡಿಸಿ ತೋರಿಸಿದಾಗ ಅರ್ಥವಾಯಿತು,” ಎಂದಿತ್ತು. ಬರೆಯದಿರುವುದರ ಲಾಭದ ಕೆಳಗೆ, “ನರ್ಸಿಂಗ್ ನನಗೆ ಬೇಡವೇನಲ್ಲ.” ಬರೆಯದಿರುವುದರ ನಷ್ಟದ ಕೆಳಗೆ, “ಒಂದು ಸಲ ಸರಿಯಾಗಿ ಓದಿ ನೋಡಲಿಲ್ಲ ಅನ್ನುವುದು ಉಳಿದುಬಿಡುತ್ತದೆ.” ಮತ್ತೆ ಬರೆಯುವುದರ ನಷ್ಟದ ಕೆಳಗೆ ಎರಡು ಸಾಲು. ಒಂದು, “ಅಪ್ಪ ಪಿ.ಎಫ್. ತೆಗೆಯುತ್ತಾರೆ.” ಇನ್ನೊಂದನ್ನು ಬರೆದು ಹೊಡೆದುಹಾಕಿದ್ದಳು, ಆದರೆ ಓದಲು ಬರುತ್ತಿತ್ತು: “ಮತ್ತೆ ಬಾರದಿದ್ದರೆ ಮನೆಗೆ ಹೇಗೆ ಬರಲಿ?”

ಹಾಳೆಯನ್ನು ನಾನು ಗಟ್ಟಿಯಾಗಿ ಓದಲಿಲ್ಲ. ತಂದೆಯ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಮೇಲಿನಿಂದ ಓದುತ್ತ ಬಂದು, ಹೊಡೆದುಹಾಕಿದ ಸಾಲಿನ ಬಳಿ ನಿಂತರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ತಾಯಿ ಹಾಳೆ ಓದಿರಲಿಲ್ಲ, ಆದರೂ ಅಳುತ್ತಿದ್ದರು. ಪ್ರವೇಶ ಪರೀಕ್ಷೆಗಳ ಒತ್ತಡ ತಾಳಲಾರದೆ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಕೋಟಾದಿಂದ, ಇತರ ಊರುಗಳಿಂದ ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಅದು ಆ ಕೋಣೆಯಲ್ಲಿದ್ದ ದೊಡ್ಡವರೆಲ್ಲರಿಗೂ ಒಟ್ಟಿಗೆ ನೆನಪಾಯಿತೆಂದು ನನಗೆ ಅನ್ನಿಸಿತು. ಅರಿಸ್ಟಾಟಲನ ಲೆಕ್ಕದಲ್ಲಿ ನಮ್ಮ ಕೈಯಲ್ಲಿರುವುದು, ಇಲ್ಲದಿರುವುದು ಎಂದು ನಾನು ಇಷ್ಟು ಹೊತ್ತು ವಿಂಗಡಿಸುತ್ತಿದ್ದೆನಲ್ಲ. ಸಂಪೂರ್ಣವಾಗಿ ಆ ತಂದೆಯ ಕೈಯಲ್ಲಿಯೇ ಇದ್ದ ಒಂದು ಸಂಗತಿಯನ್ನು ನಾನು ಪಟ್ಟಿಗೆ ಸೇರಿಸಿರಲೇ ಇಲ್ಲ.

ಕೊನೆಗೆ ಅವರು, “ಬಸ್ಸಿನಲ್ಲಿ ಬಾ. ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ,” ಎಂದರು.

ಅಷ್ಟೇ. ಆಮೇಲಿನ ಮಾತುಕತೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮತ್ತೆ ಬರೆಯುವುದೆಂದು ಹೇಳಿದವಳು ಮಗಳೇ. ಒಂದೇ ಬಾರಿ, ಅದಾದ ಮೇಲೆ ಇಲ್ಲ ಎಂಬುದೂ ಅವಳದೇ ಷರತ್ತು. ಹಾಸ್ಟೆಲ್ ಬೇಡ, ಮನೆಯಿಂದಲೇ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡಕ್ಕೆ ಮಾತ್ರ ತರಗತಿ, ಜೀವಶಾಸ್ತ್ರ ಸ್ವಂತವಾಗಿ. ಖರ್ಚು ಎರಡು ಲಕ್ಷದಿಂದ ಮೂವತ್ತು ಸಾವಿರದ ಸುತ್ತಮುತ್ತಲಿಗೆ ಇಳಿಯಿತು. ಪಿ.ಎಫ್. ಅರ್ಜಿಯನ್ನು ತಾಯಿ ತಮ್ಮ ಬಳಿ ಇಟ್ಟುಕೊಂಡರು. ಶನಿವಾರ ಸಂಜೆ ಉಪನ್ಯಾಸಕರ ಮನೆಯಲ್ಲಿ ಪ್ರಥಮ ಪಿಯುಸಿಯ ಪುಸ್ತಕದಿಂದ, ಮೊದಲ ಅಧ್ಯಾಯದಿಂದ. ಕ್ರಿಸ್ಮಸ್ ಹೊತ್ತಿಗೆ ಪೂರ್ಣ ಅವಧಿಯ ಮಾದರಿ ಪರೀಕ್ಷೆಗಳನ್ನು ನೋಡಿ, ಎಂ.ಬಿ.ಬಿ.ಎಸ್. ಬಾರದಿದ್ದರೆ ದಂತವೈದ್ಯವೋ ಆಯುರ್ವೇದವೋ ನರ್ಸಿಂಗೋ ಎಂಬುದನ್ನು ಪರೀಕ್ಷೆಗೆ ಮೊದಲೇ ಗೊತ್ತುಮಾಡುವುದು, ಫಲಿತಾಂಶದ ವಾರದಲ್ಲಿ ಅಲ್ಲ. ಹಾಸ್ಟೆಲಿನ ಶಿಸ್ತು ಮನೆಯಲ್ಲಿ ಬರುತ್ತದೆಯೇ ಎಂಬ ದೊಡ್ಡಪ್ಪನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ಖಾತ್ರಿಯ ಉತ್ತರ ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಆಗ ನಾನು ಆಶೀರ್ವಾದ ಮಾಡಿದೆ.

ಅವಳಿಗೆ ಎರಡನೆಯ ಬಾರಿ ಎಷ್ಟು ಅಂಕ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳೇ ಹಾಕಿದ ಷರತ್ತು. ಇಂಥ ನಿರ್ಧಾರದ ಸರಿತಪ್ಪನ್ನು ಆಮೇಲೆ ಬಂದ ಅಂಕದಿಂದ ಅಳೆಯುವ ಚಟದಿಂದಲೇ ನಾನು ಒಮ್ಮೆ ಒಬ್ಬ ಹುಡುಗನ ಹದಿನಾರು ತಿಂಗಳು ಕಳೆದಿದ್ದೇನೆ.

ಜುಲೈ ತಿಂಗಳ ಮೊದಲ ಸೋಮವಾರ, ಬೆಳಗಿನ ಪೂಜೆಗೆ ಘಂಟೆ ಹೊಡೆಯುವ ಹೊತ್ತಿಗೆ, ಆರೂ ನಲವತ್ತರ ಬಸ್ಸಿಗಾಗಿ ಅವಳು ದೇವಾಲಯದ ಎದುರಿನ ತಂಗುದಾಣದಲ್ಲಿ ನಿಂತಿದ್ದಳು. ಮಳೆ ಹಿಡಿದಿತ್ತು. ನನ್ನನ್ನು ಕಂಡು ರಸ್ತೆ ದಾಟಿ ಓಡಿಬಂದು, “ಫಾದರ್, ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಪರೀಕ್ಷೆಗೆ ಓದುವವರಿಗಾಗಿ ಬೇಡುತ್ತೀರಲ್ಲ, ಅದರಲ್ಲಿ ನನ್ನ ಹೆಸರು ಹೇಳಬೇಡಿ,” ಎಂದಳು. ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಅಂದಿನಿಂದ ನಮ್ಮ ಧರ್ಮಕೇಂದ್ರದಲ್ಲಿ ಆ ಪ್ರಾರ್ಥನೆಯಲ್ಲಿ ಯಾರ ಹೆಸರನ್ನೂ ಓದುವುದಿಲ್ಲ. ಕೆಲವು ತಂದೆತಾಯಿಗಳಿಗೆ ಇದರಿಂದ ಬೇಸರವಾಗಿದೆಯೆಂದು ಕೇಳಿದ್ದೇನೆ.